ಫೈಲುಗಳು ಇಳಿದ ಮೇಲೆ

ಸಾಫ್ಟ್‌ವೇರ್ ಹಾಕುವುದೆಂದರೆ ಫೈಲುಗಳನ್ನು ಡಿಸ್ಕಿಗೆ ಇಳಿಸುವುದಷ್ಟೇ ಎಂದುಕೊಂಡವರು ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ ಯಾವುದಾದರೂ ಪೋಸ್ಟ್‌ಇನ್‌ಸ್ಟ್ ಸ್ಕ್ರಿಪ್ಟನ್ನು ಒಮ್ಮೆ ತೆರೆದು ನೋಡಬೇಕು. ಪ್ಯಾಕೇಜಿನ ಫೈಲುಗಳೆಲ್ಲ ಜಾಗಕ್ಕೆ ಬಂದ ಮೇಲೆ ಪ್ಯಾಕೇಜುಗಳನ್ನು ಹಾಕುವ ಡಿಪಿಕೆಜಿ ಎಂಬ ತಂತ್ರಾಂಶ ಇದನ್ನು ತಾನಾಗಿಯೇ ಓಡಿಸುತ್ತದೆ. ಡೇಟಾಬೇಸ್ ಸರ್ವರ್ ಆದರೆ ಅದಕ್ಕೊಂದು ಪ್ರತ್ಯೇಕ ಖಾತೆ ತೆರೆಯುವುದು, ಡೇಟಾ ಡೈರೆಕ್ಟರಿಯ ಒಡೆತನವನ್ನು ಆ ಖಾತೆಗೆ ವಹಿಸುವುದು, ಸರ್ವಿಸ್ ಶುರುಮಾಡುವುದು ಎಲ್ಲ ಇದರ ಪಾಲಿನ ಕೆಲಸ. ಇದರಲ್ಲಿ ನನಗೆ ತುಂಬ ಹಿಡಿಸುವುದು ಕರೆಯುವ ರೀತಿ. ‘ಕಾನ್ಫಿಗರ್’ ಎಂಬ ಪದದ ಜೊತೆಗೆ, ಹಿಂದೆ ಕೊನೆಯದಾಗಿ ಕಾನ್ಫಿಗರ್ ಆಗಿದ್ದ ಆವೃತ್ತಿಯ ಸಂಖ್ಯೆಯನ್ನೂ ಡಿಪಿಕೆಜಿ ಕೊಡುತ್ತದೆ. ಇಂಥ ಹಳೆಯ ಆವೃತ್ತಿಯಿಂದ ಬಂದವರಿಗೆ ಮಾತ್ರ ಬೇಕಾದ ದುರಸ್ತಿಯನ್ನು ಅವರಿಗಷ್ಟೇ ಮಾಡಲು ಆ ಒಂದು ಸಂಖ್ಯೆ ಸಾಕು.

ರೂಟ್ ಅಧಿಕಾರದಲ್ಲಿ ಓಡುವ ಸ್ಕ್ರಿಪ್ಟ್ ನೂರಾರು ಯಂತ್ರಗಳನ್ನು ಒಟ್ಟಿಗೇ ಕೆಡಿಸಬಲ್ಲದು ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೇ ಡೆಬಿಯನ್ನಿನ ನಿಯಮಾವಳಿ ಎರಡನೇ ಸಲ ಓಡಿಸಿದರೂ ಹಾನಿಯಾಗಬಾರದು, ಕೆಲಸ ಕೆಟ್ಟರೆ ಸೊನ್ನೆಯಲ್ಲದ ಸಂಖ್ಯೆಯೊಂದಿಗೆ ಹೊರಬರಬೇಕು ಎನ್ನುತ್ತದೆ. ಆಗ ಡಿಪಿಕೆಜಿ ಎಲ್ಲ ಸರಿಯಾಯಿತೆಂದು ಮುಚ್ಚಿಹಾಕುವುದಿಲ್ಲ. ಪ್ಯಾಕೇಜು ಅರ್ಧ ಕಾನ್ಫಿಗರ್ ಆಗಿದೆ ಎಂದೇ ದಾಖಲಿಸುತ್ತದೆ; ಕಾರಣ ಸರಿಪಡಿಸಿ ಆ ಹಂತವನ್ನಷ್ಟೇ ಮತ್ತೆ ಓಡಿಸಬಹುದು. ಈ ಪ್ರಾಮಾಣಿಕತೆ ದೊಡ್ಡದು. ಖಾತೆ ತೆರೆಯುವಂಥ ಮಾಮೂಲಿ ಕೆಲಸಕ್ಕೆ ಸ್ಕ್ರಿಪ್ಟೇ ಬೇಡ, ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಓದುವ ಒಂದು ಸಣ್ಣ ಫೈಲು ಸಾಕು ಎನ್ನುವವರ ಮಾತನ್ನೂ ಒಪ್ಪುತ್ತೇನೆ. ಆದರೆ ಹಳೆಯ ಸೆಟ್ಟಿಂಗುಗಳನ್ನು ಹೊಸ ರೂಪಕ್ಕೆ ತರುವಾಗ ಆ ಯಂತ್ರದಲ್ಲಿ ಈಗ ಏನಿದೆ ಎಂದು ನೋಡಿಯೇ ತೀರ್ಮಾನಿಸಬೇಕು. ಆ ತೀರ್ಮಾನವನ್ನು ನಾಲ್ಕು ಸಾಲಿನ ಶೆಲ್ ಸ್ಕ್ರಿಪ್ಟಿನಷ್ಟು ಸ್ಪಷ್ಟವಾಗಿ ಬರೆದಿಡುವ ಬೇರೆ ದಾರಿ ನನಗೆ ಕಾಣುತ್ತಿಲ್ಲ.