ಇಂದಿರಾನಗರ ಒಲಿದ ಕ್ಲೋಜರ್

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಜಾವಾ, ಪೈಥಾನ್‌ಗಳದೇ ದರ್ಬಾರು. ಆದರೆ ಇಂದಿರಾನಗರದಲ್ಲಿ ನೌಕರರೇ ಒಡೆಯರಾಗಿ 2013ರಲ್ಲಿ ಕಟ್ಟಿಕೊಂಡ ನಿಲೆನ್ಸೊ ಸಂಸ್ಥೆ ಕ್ಲೋಜರ್ ಭಾಷೆಗೆ ಒಲಿಯಿತು.

ರಿಚ್ ಹಿಕಿ 2007ರಲ್ಲಿ ಹೊರತಂದ ಈ ಭಾಷೆ ಲಿಸ್ಪ್ ವಂಶದ್ದು. ಓಡುವುದು ಜಾವಾ ವರ್ಚುವಲ್ ಮಷೀನಿನ ಮೇಲೆ. ಹಾಗಾಗಿ ಜಾವಾದ ಲೈಬ್ರರಿಗಳೂ ಕೈಗೆಟಕುತ್ತವೆ. ಕಂಸಗಳ ರಾಶಿ ಕಂಡು ಹಿಂಜರಿಯಬೇಕಿಲ್ಲ: (+ 1 2 3) ಎಂದರೆ 6. ಮೊದಲು ಕ್ರಿಯೆ, ಆಮೇಲೆ ಅದಕ್ಕೆ ಬೇಕಾದ ಸಾಮಗ್ರಿ.

ನಿಜವಾದ ಸೊಗಸಿರುವುದು, ಬರೆದ ಕೋಡನ್ನು ಆಗಲೇ ಓಡಿಸಿ ಉತ್ತರ ತೋರಿಸುವ ರೆಪ್ಲ್‌ನಲ್ಲಿ. ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸದೆ ಒಂದೇ ಫಂಕ್ಷನ್ ತಿದ್ದಿ, ಫಲಿತಾಂಶವನ್ನು ಅಲ್ಲಿಯೇ ನೋಡಬಹುದು. ಈ ಸೌಲಭ್ಯವನ್ನು ಬೇರೆ ಹಲವು ಭಾಷೆಗಳು ಅಷ್ಟು ಸುಲಭವಾಗಿ ಕೊಡುವುದಿಲ್ಲ. ಬರೆಯುತ್ತಿರುವಾಗಲೇ ತಪ್ಪು ತೋರಿಸಲು ಸಿಎಲ್‌ಜೆ-ಕೊಂಡೊ ಎಂಬ ಸಾಧನವಿದೆ.

ಕ್ಲೋಜರ್ ಪ್ರೋಗ್ರಾಮು ಓಡಲು ಶುರುವಾಗುವುದು ನಿಧಾನ, ನಿಜ. ಸಣ್ಣ ಸ್ಕ್ರಿಪ್ಟುಗಳಿಗೆ ಬಬಾಷ್ಕಾ ಎಂಬ ಸಾಧನ ಆ ಕಾಯುವಿಕೆಯನ್ನು ತಪ್ಪಿಸುತ್ತದೆ. ಹೊಸಬರು ಅಲ್ಲಿಂದಲೇ ಶುರು ಮಾಡಲಿ.