ಊರಿಗೆ ಉಪಕಾರಿ

'ಮನೆಗೆ ಮಾರಿ, ಊರಿಗೆ ಉಪಕಾರಿ' ಎಂಬ ಗಾದೆಯನ್ನು ನಾನು ಮೊದಲು ಕೇಳಿದ್ದು ನಮ್ಮ ದೊಡ್ಡಮ್ಮನ ಬಾಯಲ್ಲಿ. ದೊಡ್ಡಪ್ಪನ ಅಂಗಡಿಗೆ ಬಂದವರು ಯಾರೂ ಚಹಾ ಕುಡಿಯದೆ ಹೋದದ್ದಿಲ್ಲ. ಆ ಚಹಾದ ಹಾಲಿನ ಲೆಕ್ಕ ಮಾತ್ರ ದೊಡ್ಡಮ್ಮನ ಹತ್ತಿರ ಇರುತ್ತಿತ್ತು. ಅವಳು ಈ ಗಾದೆಯನ್ನು ಸಿಟ್ಟಿನಿಂದ ಹೇಳುತ್ತಿರಲಿಲ್ಲ. 'ಇವತ್ತು ಮಳೆ ಬರೋ ಹಾಗಿದೆ' ಅನ್ನುವಷ್ಟೇ ಸಹಜವಾಗಿ, ಒಲೆಯ ಮುಂದೆ ಕೂತು ಹೇಳುತ್ತಿದ್ದಳು.

'ಗುಡ್ ವೈಬ್ರೇಷನ್ಸ್' ಎಂಬ ಇಂಗ್ಲಿಷ್ ಸಿನಿಮಾ ನೋಡುವಾಗ ನನಗೆ ಅವಳ ನೆನಪಾಯಿತು. ಮಗಳು ತನ್ನ ಕಂಪ್ಯೂಟರಿನಲ್ಲಿ ಹಾಕಿಕೊಟ್ಟು, 'ಹಾಡು ನಿನಗೆ ಇಷ್ಟ ಆಗಲಿಕ್ಕಿಲ್ಲ ಅಮ್ಮಾ, ಆದರೆ ಆ ಮನುಷ್ಯ ಇಷ್ಟ ಆಗ್ತಾನೆ' ಎಂದಳು. ಹಾಡು ಇಷ್ಟವಾಯಿತು. ಮನುಷ್ಯನ ವಿಷಯ ಅಷ್ಟು ಸುಲಭವಾಗಿ ಹೇಳಲಾರೆ.

ಲೀಸಾ ಬರೋಸ್ ಡಿಸಾ ಮತ್ತು ಗ್ಲೆನ್ ಲೇಬರ್ನ್ ಸೇರಿ ನಿರ್ದೇಶಿಸಿದ ಈ ಚಿತ್ರ ಮೊದಲು ತೆರೆಕಂಡದ್ದು 2012ರಲ್ಲಿ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ರೆಕಾರ್ಡು ಮಾರುವ ಅಂಗಡಿ ಇಟ್ಟ ಟೆರಿ ಹೂಲಿ ಎಂಬವನ ಕಥೆ ಇದು. ಕಟ್ಟುಕಥೆಯಲ್ಲ, ನಿಜವಾದ ಮನುಷ್ಯ. 1948ರಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗ ಆಟದ ಬಾಣ ತಗುಲಿ ಒಂದು ಕಣ್ಣು ಕಳೆದುಕೊಂಡ. ಅಪ್ಪ ಸಮಾಜವಾದಿ, ಚುನಾವಣೆಗೆ ನಿಲ್ಲುವುದು, ಸೋಲುವುದು ಅವನಿಗೆ ರೂಢಿಯಾಗಿತ್ತು. ಮಗನಿಗೂ ಸೋಲಿನ ಹೆದರಿಕೆ ಇರಲಿಲ್ಲ ಎನ್ನುವುದನ್ನು ಚಿತ್ರ ಚೆನ್ನಾಗಿ ತೋರಿಸುತ್ತದೆ.

ಆಗಿನ ಬೆಲ್‌ಫಾಸ್ಟ್ ಎಂಥ ಊರು ಎಂದು ತಿಳಿಯದಿದ್ದರೆ ಈ ಅಂಗಡಿಯ ಮಹತ್ವ ತಿಳಿಯುವುದಿಲ್ಲ. 1960ರ ದಶಕದ ಕೊನೆಯಿಂದ 1998ರ ಒಪ್ಪಂದದವರೆಗೆ, ಮೇಲುನೋಟಕ್ಕೆ ಕ್ಯಾಥೊಲಿಕರು ಮತ್ತು ಪ್ರಾಟೆಸ್ಟಂಟರ ನಡುವೆ, ಒಳಗೆ ನೋಡಿದರೆ ಆ ನೆಲ ಬ್ರಿಟನ್ನಿನದೋ ಐರ್ಲೆಂಡಿನದೋ ಎಂಬ ಬಗ್ಗೆ ನಡೆದ ಹೊಡೆದಾಟದಲ್ಲಿ 3500ಕ್ಕೂ ಹೆಚ್ಚು ಜನ ಸತ್ತರು. ಹೆಸರು ಹೇಳಿದರೆ ಸಾಕು, ಓದಿದ ಶಾಲೆ ಹೇಳಿದರೆ ಸಾಕು, ಯಾವ ಕಡೆಯವನು ಎಂದು ಗೊತ್ತಾಗುತ್ತಿತ್ತು. 1975ರ ಜುಲೈಯಲ್ಲಿ ಮಯಾಮಿ ಶೋಬ್ಯಾಂಡ್ ಎಂಬ ವಾದ್ಯತಂಡ ಕಾರ್ಯಕ್ರಮ ಮುಗಿಸಿ ಹಿಂದಿರುಗುವಾಗ ಅವರ ವ್ಯಾನನ್ನು ರಸ್ತೆಯಲ್ಲಿ ತಡೆದು ಮೂವರು ಕಲಾವಿದರನ್ನು ಕೊಂದರು. ಆಮೇಲೆ ಹೊರಗಿನ ಸಂಗೀತಗಾರರು ಆ ಕಡೆ ತಲೆ ಹಾಕಲು ಹೆದರಿದರು. ಸಂಜೆಯಾದರೆ ಪೇಟೆ ಬಿಕೋ ಎನ್ನುತ್ತಿತ್ತು. ಅಂಥ ಹೊತ್ತಿನಲ್ಲಿ, ಮತ್ತೆ ಮತ್ತೆ ಬಾಂಬು ಸಿಡಿಯುತ್ತಿದ್ದ ಗ್ರೇಟ್ ವಿಕ್ಟೋರಿಯಾ ಸ್ಟ್ರೀಟ್ ಎಂಬ ಬೀದಿಯಲ್ಲಿ ಈತ ಅಂಗಡಿ ತೆರೆದ. ಇಟ್ಟ ಹೆಸರು ಗುಡ್ ವೈಬ್ರೇಷನ್ಸ್!

ಸಿನಿಮಾದಲ್ಲಿ ಒಂದು ದೃಶ್ಯವಿದೆ. ಎರಡೂ ಕಡೆಯ ಬಂದೂಕಿನವರನ್ನು ಒಂದೇ ಕಡೆ ಕೂರಿಸಿ, ತನ್ನನ್ನು ತನ್ನ ಪಾಡಿಗೆ ಬಿಡಿ ಎಂದು ಕೇಳಿ, ಕಾಣಿಕೆಯಾಗಿ ರೆಕಾರ್ಡು ಹಂಚುತ್ತಾನೆ. ನಗು ಬರುತ್ತದೆ, ಆದರೆ ಹೊಟ್ಟೆಯೊಳಗೆ ತಣ್ಣಗೂ ಆಗುತ್ತದೆ. ರಿಚರ್ಡ್ ಡಾರ್ಮರ್ ಎಂಬ ನಟನ ಮುಖವೇ ಹಾಗಿದೆ, ಹುಡುಗಾಟ ಮತ್ತು ಭಯ ಎರಡೂ ಒಟ್ಟಿಗೆ ಕಾಣುತ್ತವೆ. ಇನ್ನೊಂದು ಕಡೆ ಆತ ಮೊದಲ ಸಲ ಪಂಕ್ ಸಂಗೀತ ಕೇಳುತ್ತಾನೆ. ಪಂಕ್ ಎಂದರೆ ಕಲಿತು ಹಾಡುವ ಹಾಡಲ್ಲ; ಮೂರು ಸ್ವರ ನುಡಿಸಲು ಬಂದರೆ ಸಾಕೆಂದು ಹುಡುಗರು ಕಿರುಚಿ ಹಾಡುವುದು. ಕಿಕ್ಕಿರಿದ ಕೋಣೆಗೆ ಪೊಲೀಸರು ನುಗ್ಗುತ್ತಾರೆ, ಹುಡುಗರು ಹೆದರುವುದಿಲ್ಲ, ಹಾಡಿನಲ್ಲೇ ಅವರನ್ನು ಎದುರಿಸುತ್ತಾರೆ. ಆ ಹೊತ್ತಿಗೆ ಟೆರಿಯ ಒಂಟಿ ಕಣ್ಣು ಅರಳುವುದನ್ನು ನೋಡಿದ ಮೇಲೆ, ಈ ಮನುಷ್ಯ ಇನ್ನು ಮನೆಗೆ ಹೊತ್ತಿಗೆ ಸರಿಯಾಗಿ ಬರುವವನಲ್ಲ ಎಂದು ನನಗೆ ಖಾತ್ರಿಯಾಯಿತು.

ಆತ ಅಂಗಡಿಯ ಹೆಸರಿನಲ್ಲೇ ರೆಕಾರ್ಡು ಹೊರತರಲೂ ತೊಡಗಿದ. ಒಂದು ದೊಡ್ಡ ಕಾಗದವನ್ನೇ ಕೈಯಿಂದ ಮಡಚಿ ಹೊದಿಕೆ ಮಾಡುತ್ತಿದ್ದರು. ಊದುಬತ್ತಿ ಪೊಟ್ಟಣ ಮಡಚಿದ ಹೆಂಗಸರಿಗೆ ಈ ಕೆಲಸ ಹೇಳಿಕೊಡಬೇಕಾಗಿಲ್ಲ. 1978ರಲ್ಲಿ ಡೆರಿ ಎಂಬ ಊರಿನ ಅಂಡರ್‌ಟೋನ್ಸ್ ತಂಡದ 'ಟೀನೇಜ್ ಕಿಕ್ಸ್' ಹೀಗೆಯೇ ಹೊರಬಂತು. ಧ್ವನಿಮುದ್ರಣದ ಖರ್ಚು ಸುಮಾರು 200 ಪೌಂಡು. ಲಂಡನ್ನಿನ ಕಂಪನಿಗಳು ಬೇಡವೆಂದ ಈ ಹಾಡನ್ನು ಬಿಬಿಸಿಯ ಜಾನ್ ಪೀಲ್ ರೇಡಿಯೋದಲ್ಲಿ ಒಂದರ ಹಿಂದೆ ಒಂದರಂತೆ ಎರಡು ಸಲ ಹಾಕಿದ. ಅಮೆರಿಕದ ದೊಡ್ಡ ಕಂಪನಿ ತಂಡವನ್ನು ಹುಡುಕಿಕೊಂಡು ಬಂತು. ಟೆರಿ ಕೇಳಿದ್ದು ಏನು? 500 ಪೌಂಡು, ಮತ್ತು ತನಗೆ ಅಚ್ಚುಮೆಚ್ಚಿನ ಶಾಂಗ್ರಿ-ಲಾಸ್ ಗಾಯಕಿಯರ ಹಸ್ತಾಕ್ಷರವಿರುವ ಒಂದು ಫೋಟೋ. ಆ ಫೋಟೋ ಕೊನೆಗೂ ಬರಲೇ ಇಲ್ಲವಂತೆ.

ಈ ದೃಶ್ಯಕ್ಕೆ ಮಗಳು ಚಪ್ಪಾಳೆ ತಟ್ಟಿ ನಕ್ಕಳು. ನಾನೂ ನಕ್ಕೆ. ಆಮೇಲೆ ರೂತ್ ಎಲ್ಲಿ ಎಂದು ಹುಡುಕಿದೆ.

ರೂತ್ ಅವನ ಹೆಂಡತಿ. ಜೋಡಿ ವಿಟ್ಟೇಕರ್ ಈ ಪಾತ್ರ ಮಾಡಿದ್ದಾಳೆ. ಮೊದಮೊದಲು ಅವನಷ್ಟೇ ನಗುತ್ತಾಳೆ, ಅವನಷ್ಟೇ ಕನಸು ಕಾಣುತ್ತಾಳೆ. ಮಗುವಾಗುತ್ತದೆ, ಬಿಲ್ಲುಗಳು ಬರುತ್ತವೆ, ಅವನು ಬರುವುದಿಲ್ಲ. ಕೊನೆಗೆ ಸಂಸಾರ ಮುರಿಯುತ್ತದೆ. ಚಿತ್ರದವರನ್ನು ಒಂದು ವಿಷಯಕ್ಕೆ ಮೆಚ್ಚಬೇಕು, ಅವಳನ್ನು ಗೊಣಗುವ ಹೆಂಡತಿಯಾಗಿ ಮಾಡಿಲ್ಲ. ತಪ್ಪು ಯಾರದೆಂದು ಮುಚ್ಚಿಟ್ಟಿಲ್ಲ. ಆದರೆ ತೋರಿಸುವುದು ಬೇರೆ, ಅಲ್ಲಿ ನಿಲ್ಲುವುದು ಬೇರೆ. ರೂತಳ ಮುಖ ಬಾಡಿದಾಗ ಅಲ್ಲಿ ಒಂದು ನಿಮಿಷ ಇರಲು ಚಿತ್ರಕ್ಕೆ ವ್ಯವಧಾನವಿಲ್ಲ. ಇನ್ನೊಂದು ಹಾಡು ಕಾಯುತ್ತಿರುತ್ತದೆ. ಊರು ಟೆರಿಯನ್ನು ಪ್ರೀತಿಸಿದ ಹಾಗೆಯೇ ಚಿತ್ರವೂ ಪ್ರೀತಿಸುತ್ತದೆ, ಅಂದರೆ ಮನೆಯ ಬಾಗಿಲವರೆಗೆ ಬಂದು ಅಲ್ಲಿಂದ ಹಿಂದಿರುಗುತ್ತದೆ.

ಅಂಗಡಿ ಉಳಿಸಲು ಅಲ್ಸ್ಟರ್ ಹಾಲ್ ಎಂಬ ದೊಡ್ಡ ಸಭಾಂಗಣದಲ್ಲಿ ನಡೆಸುವ ಸಂಗೀತ ಕಾರ್ಯಕ್ರಮ ಚಿತ್ರದ ಕೊನೆಯ ದೊಡ್ಡ ಸನ್ನಿವೇಶ. ಸಭಾಂಗಣ ತುಂಬುತ್ತದೆ, ಆದರೂ ದುಡ್ಡು ಹುಟ್ಟುವುದಿಲ್ಲ. ಬಂದವರಲ್ಲಿ ಎಷ್ಟೋ ಮಂದಿಯನ್ನು ಈತ ಪುಕ್ಕಟೆಯಾಗಿ ಒಳಗೆ ಬಿಟ್ಟಿರುತ್ತಾನೆ. ಚಿತ್ರ ಇದನ್ನು ಗೆಲುವು ಎಂದೇ ಸಂಭ್ರಮಿಸುತ್ತದೆ. ನಾನಾದರೂ ಮರುದಿನ ಬೆಳಿಗ್ಗೆ ಬಾಗಿಲು ಬಡಿಯುವ ಸಾಲಗಾರರಿಗೆ ಉತ್ತರ ಕೊಡುವವರು ಯಾರು ಎಂದು ಯೋಚಿಸುತ್ತಿದ್ದೆ. 1982ರಲ್ಲಿ ಆತ ದಿವಾಳಿಯಾದ, ಅಂಗಡಿ ಮುಚ್ಚಿತು. ಮುಂದೆ ಬೇರೆ ಬೇರೆ ಕಡೆ ಮತ್ತೆ ತೆರೆದ. 2004ರಲ್ಲಿ ಒಂದು ಬೆಂಕಿ ಅನಾಹುತದಲ್ಲಿ ಸುಟ್ಟುಹೋಯಿತು. ಮತ್ತೆ ತೆರೆದು 2015ರಲ್ಲಿ ಕಡೆಗೂ ಮುಚ್ಚಿದ.

ಹಾಗಾದರೆ ದೊಡ್ಡಮ್ಮನ ಗಾದೆಯನ್ನೇ ಇವನಿಗೂ ಅಂಟಿಸಿ ಸುಮ್ಮನಾಗಬಹುದೆ? ಮನಸ್ಸು ಒಪ್ಪುವುದಿಲ್ಲ. ಆ ಅಂಗಡಿಯಲ್ಲಿ ಹುಡುಗರನ್ನು ಯಾರೂ 'ನೀನು ಯಾವ ಚರ್ಚಿನವನು' ಎಂದು ಕೇಳುತ್ತಿರಲಿಲ್ಲ. ಮಗ ಸಂಜೆ ಎಲ್ಲಿದ್ದಾನೆಂದು ಎದೆ ಹಿಡಿದುಕೊಂಡು ಕಾಯುತ್ತಿದ್ದ ಎಷ್ಟು ತಾಯಂದಿರಿಗೆ, ರೆಕಾರ್ಡು ಅಂಗಡಿಯಲ್ಲಿದ್ದಾನೆ ಎಂದು ತಿಳಿದು ಉಸಿರು ಬಂದಿತೋ! ಲಾಭ ನೋಡುವ ವ್ಯಾಪಾರಿ ಆ ಬೀದಿಯಲ್ಲಿ ಅಂಗಡಿಯನ್ನೇ ಇಡುತ್ತಿರಲಿಲ್ಲ. ಹುಡುಗರಿಗೆ ಬಾಗಿಲು ತೆರೆದ ಕೈಯೇ ಮನೆಯ ಗಂಟನ್ನೂ ಬಿಚ್ಚಿದ್ದು. ಎರಡನ್ನು ಬೇರೆ ಮಾಡಿ ಒಂದನ್ನು ಹೊಗಳುವುದು, ಇನ್ನೊಂದನ್ನು ಬೈಯುವುದು ನನಗಂತೂ ಆಗುವುದಿಲ್ಲ. ದೊಡ್ಡಪ್ಪ ಹೋದ ಮೇಲೆ, ನಮಗೆ ಫೀಸು ಕಟ್ಟಿದ್ದು ಅವರೇ ಎನ್ನುತ್ತ ಗುರುತಿಲ್ಲದವರು ಮನೆಗೆ ಬರುತ್ತಿದ್ದರು. ದೊಡ್ಡಮ್ಮ ಅವರ ಮಾತನ್ನು ಪೂರಾ ಕೇಳಿ, ಚಹಾ ಮಾಡಿಕೊಡುತ್ತಿದ್ದಳು. ಆಗ ಗಾದೆ ಹೇಳಿದ್ದನ್ನು ನಾನು ಕೇಳಿಲ್ಲ.

ನನ್ನ ತಕರಾರು ಟೆರಿಯ ಮೇಲಲ್ಲ, ಕಥೆ ಹೇಳಿದವರ ಮೇಲೆ. ಚಿತ್ರ 1980ರ ದಶಕದ ಆರಂಭದಲ್ಲೇ ನಿಲ್ಲುತ್ತದೆ. ರೂತ್ ಅಲ್ಲಿಂದಾಚೆಗೆ ಏನಾದಳು ಎಂದು ಮಗಳನ್ನು ಕೇಳಿದೆ. ಅವಳು ಹುಡುಕಿ ಹೇಳಿದಳು. 1985ರಲ್ಲಿ ಉತ್ತರ ಐರ್ಲೆಂಡಿನ ಲೇಖಕಿಯರ ಬರಹಗಳನ್ನು ಒಟ್ಟುಮಾಡಿ 'ದ ಫೀಮೇಲ್ ಲೈನ್' ಎಂಬ ಸಂಕಲನ ತಂದವರು ಈಕೆಯೇ; ಅಲ್ಲಿನ ಮಹಿಳಾ ಹಕ್ಕುಗಳ ಸಂಘಟನೆ ಪ್ರಕಟಿಸಿತು. ಬಾಂಬಿನ ಊರಿನಲ್ಲಿ ಹುಡುಗರು ಹಾಡುತ್ತಿದ್ದರು, ಸರಿ. ಹೆಂಗಸರು ಬರೆಯುತ್ತಲೂ ಇದ್ದರು! ಆ ಪುಸ್ತಕದ ನೆನಪಿನಲ್ಲಿ 2017ರಲ್ಲಿ ಅಲ್ಲಿನ ಲೇಖಕಿಯರ ಇನ್ನೊಂದು ಸಂಕಲನವೂ ಬಂತು. ರೂತ್ ಕಾರ್ ಎಂಬ ಹೆಸರಿನಲ್ಲಿ ಆಕೆಯ ಸ್ವಂತ ಕವನ ಸಂಗ್ರಹಗಳೂ ಇವೆ. ಒಂದರ ಹೆಸರು 'ದ ಏರಿಂಗ್ ಕಬರ್ಡ್', ಅಂದರೆ ಒಗೆದ ಬಟ್ಟೆಯನ್ನು ಬೆಚ್ಚಗೆ ಇಡುವ ಮನೆಯೊಳಗಿನ ಕಪಾಟು.

ಮಗಳು ಟೆರಿಯ ಹಾಡುಗಳನ್ನೆಲ್ಲ ನನ್ನ ಮೊಬೈಲಿಗೆ ಹಾಕಿಕೊಟ್ಟಿದ್ದಾಳೆ. ಅಡುಗೆ ಮಾಡುವಾಗ ಕೇಳುತ್ತೇನೆ. ಕಪಾಟಿನ ಪುಸ್ತಕ ತರಿಸಿಕೊಡು ಎಂದಿದ್ದೇನೆ, ಅದು ಇನ್ನೂ ಬಂದಿಲ್ಲ.