ಕೋವಿಯೂ ‘ರಕ್ಷಣೆ’ಯೆಂಬ ಮಾತೂ

ಮನೆಮನೆಯಲ್ಲಿ ಕೋವಿಯಿದ್ದರೆ ಕಳ್ಳಕಾಕರ ಹಾವಳಿ ತಾನಾಗಿಯೇ ಅಡಗುವುದೆಂಬ ವಾದವೊಂದುಂಟು. ಈ ವಾದದ ಬಲವೆಲ್ಲ ‘ರಕ್ಷಣೆ’ ಎಂಬ ಒಂದೇ ಪದವನ್ನು ಆಶ್ರಯಿಸಿದೆ. ಆ ಪದದಲ್ಲಿ ಬೆರೆತುಹೋಗಿರುವ ಮೂರು ಅರ್ಥಗಳನ್ನು ಮಂಗಳೂರು ಸೀಮೆಯ ಅನುಭವದ ಬೆಳಕಿನಲ್ಲಿ ಬೇರ್ಪಡಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲನೆಯದು ಬೆಳೆಯ ರಕ್ಷಣೆ. ಸುಳ್ಯ, ಪುತ್ತೂರು, ಬೆಳ್ತಂಗಡಿಗಳ ಅಡಿಕೆ ತೋಟಗಳಲ್ಲಿ ಕೋವಿಯೆಂಬುದು ಹಂದಿ, ಮಂಗಗಳನ್ನು ಬೆದರಿಸುವ ಸಾಧನ. ಕತ್ತಿ ಹಾರೆಗಳಂತೆ ಬೇಸಾಯದ ಒಂದು ಉಪಕರಣ. 1959ರ ಆಯುಧ ಕಾಯಿದೆಯ 13ನೆಯ ಪ್ರಕರಣವು ಬೆಳೆ ಕಾಯುವವನ ಕೋವಿಯನ್ನು ಪ್ರತ್ಯೇಕವಾಗಿಯೇ ಹೆಸರಿಸುತ್ತದೆ. ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಯಲ್ಲಿ ಠೇವಣಿಯಿಡಬೇಕೆಂದು ಆಜ್ಞೆ ಹೊರಡುವುದೂ ಕೃಷಿಕರು ವಿನಾಯಿತಿ ಬೇಡುವುದೂ ಈ ಜಿಲ್ಲೆಗೆ ಹೊಸತಲ್ಲ. ಆ ಬೇಡಿಕೆ ನ್ಯಾಯವಾದುದು. ಆದರೆ ಅದರ ಮೂಲ ಫಸಲಿನ ಚಿಂತೆ, ಕಳ್ಳರ ಭಯವಲ್ಲ. ಅದನ್ನು ಅಪರಾಧ ನಿವಾರಣೆಗೆ ಸಾಕ್ಷ್ಯವೆಂದು ತರುವುದು ಸಲ್ಲದು.

ಎರಡನೆಯದು ಪ್ರಾಣರಕ್ಷಣೆ. ಹಳೆಯ ದಂಡಸಂಹಿತೆಯಂತೆ 2023ರ ಭಾರತೀಯ ನ್ಯಾಯ ಸಂಹಿತೆಯೂ ಆತ್ಮರಕ್ಷಣೆಯ ಹಕ್ಕನ್ನು ಮನ್ನಿಸಿದೆ. ಆದರೆ ಅವಶ್ಯಕತೆಗೆ ಮೀರಿದ ಪೆಟ್ಟಿಗೆ ಅಲ್ಲಿ ಎಡೆಯಿಲ್ಲ. ಅಧಿಕಾರಿಗಳ ನೆರವು ಪಡೆಯಲು ಅವಕಾಶವಿದ್ದಲ್ಲಿ ಹಕ್ಕೇ ಇಲ್ಲ.

ಮೂರನೆಯದು ಸಮಾಜರಕ್ಷಣೆ, ತೊಡಕಿರುವುದು ಇಲ್ಲಿಯೇ. ತನ್ನೆದುರಿಗೆ ಜಾಮೀನುರಹಿತ ಸಂಜ್ಞೇಯ ಅಪರಾಧವನ್ನೆಸಗಿದವನನ್ನು ಸಾಮಾನ್ಯ ಪ್ರಜೆಯೂ ಹಿಡಿಯಬಹುದು. ಆದರೆ 2024ರ ಜುಲೈಯಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಂತೆ ಆರು ಗಂಟೆಗಳೊಳಗೆ ಅವನನ್ನು ಪೊಲೀಸರಿಗೆ ಒಪ್ಪಿಸತಕ್ಕದ್ದು. ಹಿಡಿಯುವ ಅಧಿಕಾರವುಂಟು, ದಂಡಿಸುವ ಅಧಿಕಾರವಿಲ್ಲ. ನಮ್ಮ ರಾಜ್ಯದ 1962ರ ಗೃಹರಕ್ಷಕ ದಳದ ಕಾಯಿದೆಯೂ 1964ರ ಗ್ರಾಮರಕ್ಷಣಾ ದಳಗಳ ಕಾಯಿದೆಯೂ ಪ್ರಜೆಯ ನೆರವನ್ನು ಅಧಿಕಾರಿಗಳ ಅಂಕೆಯಲ್ಲಿಯೇ ಇರಿಸಿವೆ. ಈ ಎಲ್ಲೆ ಅಳಿಸಿದರೆ ಏನಾಗುವುದೆಂಬುದನ್ನು ಮಂಗಳೂರು ಕಂಡಿದೆ. 2009ರ ಜನವರಿಯಲ್ಲಿ ನಗರದ ಪಬ್ ಒಂದರಲ್ಲಿಯೂ, 2012ರ ಜುಲೈಯಲ್ಲಿ ಪಡೀಲಿನ ಹೋಂಸ್ಟೇಯಲ್ಲಿಯೂ ಯುವತಿಯರ ಮೇಲೆ ಕೈಮಾಡಿದ ಗುಂಪುಗಳು ಮುಂದಿಟ್ಟುದು ಸಂಸ್ಕೃತಿಯ ರಕ್ಷಣೆಯ ನೆಪವನ್ನೇ. ಅಲ್ಲಿ ಕೋವಿಯಿರಲಿಲ್ಲ, ಬರಿಗೈಯೇ ಸಾಕಾಯಿತು. ಅಂಥ ಕೈಗೆ ಕೋವಿ ಸೇರಿದ್ದರೆ ಪರಿಣಾಮವೇನೆಂದು ವಿವರಿಸಬೇಕಾಗಿಲ್ಲ.

ನೆರೆಯ ಕೊಡಗನ್ನು ಉದಾಹರಿಸಿ, ಪರವಾನಿಗೆಯಿಲ್ಲದ ಕೋವಿಗಳಿದ್ದೂ ಅಲ್ಲಿ ಕೇಡಾಗಿಲ್ಲವೆಂದು ಆಕ್ಷೇಪಿಸಬಹುದು. ಕೊಡವರ ವಿನಾಯಿತಿಯು 1861ರಲ್ಲಿ ಆಂಗ್ಲ ಸರಕಾರವು ನಿಷ್ಠೆಗೆ ಕೊಟ್ಟ ಮನ್ನಣೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ಅದನ್ನು ಮುಂದುವರಿಸಿದ ಕೇಂದ್ರದ ಅಧಿಸೂಚನೆಯನ್ನು 2021ರಲ್ಲಿ ಉಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಅಲ್ಲಿಯ ಕೋವಿ ಕೈಲ್ ಮುಹೂರ್ತದಂದು ಪೂಜೆಗೊಳ್ಳುವ ಮನೆತನದ ವಸ್ತು. ಇದರಿಂದ ಪರಂಪರೆಯೊಂದು ಸಿದ್ಧವಾಗುವುದೇ ಹೊರತು ಕೋವಿಯೇ ಕಳವನ್ನು ತಡೆಯಿತೆಂಬುದು ಸಿದ್ಧವಾಗದು.

ಆದಕಾರಣ ಕೃಷಿಕನ ಕೋವಿಯನ್ನು ಎಲ್ಲರದರೊಡನೆ ಒಟ್ಟಾಗಿ ಕಸಿಯದೆ, ಒಬ್ಬೊಬ್ಬನ ಅಗತ್ಯವನ್ನು ವಿಚಾರಿಸಿ ತೀರ್ಮಾನಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ. ಆದರೆ ತೋಟಕ್ಕಾಗಿ ಹೂಡಿದ ಆ ವಾದವನ್ನು ಬೀದಿಗೆ ಅನ್ವಯಿಸಲಾಗದು. ಯಾವುದರ ರಕ್ಷಣೆ, ಯಾರಿಂದ, ಯಾರ ಹೊಣೆಯಲ್ಲಿ ಎಂಬ ಪ್ರಶ್ನೆಗಳನ್ನು ಈ ವಿಷಯದ ಅಭ್ಯಾಸಿಗಳು ಮೊದಲು ಕೇಳಿಕೊಳ್ಳತಕ್ಕದ್ದು.